ಬದುಕಿದ್ದವನಿಗೆ ಕೊಟ್ಟ ಮರಣೋತ್ತರ ಪದಕ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಂಗೀ,

ನಲವತ್ತೊಂದು ವರ್ಷದ ಹಿಂದೆ, ಯುದ್ಧದ ಎರಡನೆಯ ಚಳಿಗಾಲದಲ್ಲಿ, ಉಸಿರಾಡುತ್ತಿದ್ದ ನನ್ನ ತಮ್ಮ ಕುಳ್ಳನನ್ನು ಸರಕಾರ ಸತ್ತನೆಂದು ಸಾರಿತು. ಕಾಗದ ಹೀಗೆ ಶುರುಮಾಡಿದ್ದಕ್ಕೆ ನಿನ್ನ ಅತ್ತಿಗೆ ಗದರಿದಳು. "ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಜಗಳ ತೆಗೀರಿ" ಅಂದಳು. ಸರಿ, ನಿನ್ನ ಮಂಡಿನೋವು ಹೇಗಿದೆ? ನಿನ್ನ ಯಜಮಾನರಿಗೆ ನಿದ್ದೆ ಬರುತ್ತಿದೆಯೇ? ನನಗೆ ಒಂದು ಕಣ್ಣಿನ ಪೊರೆ ತೆಗೆದಿದ್ದಾರೆ. ಓದಬೇಡಿ ಅಂದರು ಡಾಕ್ಟರು. ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕೂತವನಿಗೆ ಹಾಗನ್ನುವುದು ಮೀನಿಗೆ ನೀರು ಬಿಡು ಅಂದಹಾಗೆ.

ಬರುವ ಭಾನುವಾರ ಹುತಾತ್ಮರ ಉದ್ಯಾನದ ಹೊಸ ಕಲ್ಲಿನ ಗೋಡೆಯ ಪರದೆಯನ್ನು ನೀನೇ ಸರಿಸುತ್ತೀಯಂತೆ. ಯುದ್ಧ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಹೆಂಡತಿ, ಮೇಲಾಗಿ ಹುತಾತ್ಮನ ತಂಗಿ. ಇನ್ಯಾರನ್ನು ಕರೆದಾರು? ಗೋಡೆಯ ಮೇಲೆ "ಸೇತುವೆಯ ಕಾಳಗದಲ್ಲಿ ಮಡಿದವರು" ಎಂದು ಕೆತ್ತಿ, ಅದರ ಕೆಳಗೆ ನಮ್ಮ ಹುಡುಗನ ಹೆಸರು ಹಾಕಿದ್ದಾರೆ. ಅವನು ಸೇತುವೆಯಲ್ಲಿ ಸಾಯಲಿಲ್ಲ. ಅದು ನನಗೆ ಗೊತ್ತು, ನಿನಗೂ ಗೊತ್ತು.

ನೆನಪಿದೆ ತಾನೇ? ಸಾವಿನ ತಂತಿ ಬಂದು ಎರಡು ವಾರವಾಗಿತ್ತು. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಕೋಣೆ. ಕಿಟಕಿಗೆ ಕಂಬಳಿ ಕಟ್ಟಿ ಅಪ್ಪ ಶತ್ರುದೇಶದ ರೇಡಿಯೋ ಸ್ಟೇಷನ್ ಹಿಡಿದಿದ್ದರು. ಸಂಜೆ ಅದರಲ್ಲಿ ಸೆರೆಸಿಕ್ಕ ಸೈನಿಕರನ್ನು ಮಾತಾಡಿಸುತ್ತಿದ್ದರು. ಅದನ್ನು ಕೇಳಿದರೆ ಜೈಲು, ಅಪ್ಪನ ಸಿಗ್ನಲ್ ಕೆಲಸಕ್ಕೂ ಸಂಚಕಾರ. ನೀನು ಸ್ಟೂಲಿನ ಮೇಲೆ ನಿಂತು ಏರಿಯಲ್ ತಂತಿ ಎತ್ತಿ ಹಿಡಿದಿದ್ದೆ, ಕೈ ಇಳಿಸಿದರೆ ದನಿ ಹೋಗುತ್ತಿತ್ತು. ಆಗ ಅವನ ದನಿ ಬಂತು: "ಅಮ್ಮಾ, ನಾನು ಕುಳ್ಳ. ಕಾಲಿಗೆ ಪೆಟ್ಟಾಗಿತ್ತು, ವಾಸಿಯಾಗ್ತಾ ಇದೆ. ಅಣ್ಣ ನನ್ನ ಸೈಕಲ್ ಮುಟ್ಟಿದ್ರೆ ಬಂದು ಕೈ ಮುರೀತೀನಿ ಅಂತ ಹೇಳು." ಆರಡಿ ಬೆಳೆದವನನ್ನು ಕುಳ್ಳ ಅಂತ ಕರೆಯುತ್ತಿದ್ದದ್ದು ಈ ಭೂಮಿಯ ಮೇಲೆ ನಮ್ಮ ಮನೆಯವರು ಮಾತ್ರ. ಅಮ್ಮ ಮೊದಲು ನಕ್ಕಳು. ನಗುತ್ತಲೇ ಕುಸಿದು ಕೂತಳು. ದನಿ ನಿಂತು ಎಷ್ಟೋ ಹೊತ್ತಾದರೂ ನೀನು ಕೈ ಇಳಿಸಲೇ ಇಲ್ಲ, ನಾನೇ ಎತ್ತಿ ಇಳಿಸಬೇಕಾಯಿತು.

ಆಮೇಲೆ ಪದಕ ಹಿಡಿದು ಅಧಿಕಾರಿ ಬಂದ. ಅಮ್ಮನಿಗೆ ತಡೆಯಲಾಗಲಿಲ್ಲ. "ನನ್ನ ಮಗ ಬದುಕಿದ್ದಾನೆ ಸ್ವಾಮಿ, ಕರೆಸಿಕೊಡಿ" ಅಂದುಬಿಟ್ಟಳು. ಅವನು ಟೇಬಲ್ ಮೇಲಿನ ರೇಡಿಯೋ ಸವರಿ, "ಒಳ್ಳೆ ಸೆಟ್ಟು. ಎಲ್ಲಾ ಸ್ಟೇಷನ್ನೂ ಸಿಗುತ್ತಾ?" ಎಂದು ಕೇಳಿದ. ಅಪ್ಪ ತಟ್ಟನೆ ಮುಂದೆ ಬಂದು, "ಇಲ್ಲ ಸಾರ್, ಇವಳಿಗೆ ದುಃಖದಲ್ಲಿ ಏನೇನೋ ಕೇಳಿಸುತ್ತೆ" ಅಂದರು. ಆವತ್ತಿನಿಂದ ಅಮ್ಮ ಅಪ್ಪನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅದೇ ವಾರ ಆಗಿನ ಯುದ್ಧಮಂತ್ರಿ ಬಹಿರಂಗ ಸಭೆಯಲ್ಲಿ ಎದೆತಟ್ಟಿ ಹೇಳಿದ: "ನಮ್ಮ ಸೈನಿಕ ಸಾಯುತ್ತಾನೆ, ಸೆರೆಸಿಕ್ಕುವುದಿಲ್ಲ. ಅತ್ತ ಕಡೆ ನಮ್ಮವರು ಒಬ್ಬರೂ ಇಲ್ಲ." ನಾನು ಎಷ್ಟೋ ದೇಶಗಳ ಇತಿಹಾಸ ಓದಿದ್ದೇನೆ. ಸೋತ ರಾಜರು ಸೈನಿಕರನ್ನು ಮರೆತದ್ದುಂಟು. ಗೆದ್ದೆವೆಂದು ತೋರಿಸಿಕೊಳ್ಳಲು ಜೀವಂತ ಮಕ್ಕಳ ಬಾಯಿಗೆ ಮಣ್ಣು ಹಾಕಿದವರು ಇವರು.

ಮುಂದಿನದು ಕುಳ್ಳನ ಜೊತೆ ಸೆರೆಸಿಕ್ಕಿದ್ದ ದಳದ ಕ್ಷೌರಿಕ ಹೇಳಿದ್ದು. ಅವನು ಸೈನಿಕನಲ್ಲವಲ್ಲ, ಸೆರೆಸಿಕ್ಕರೆ ನಾಡಿನ ಮಾನ ಹೋಗುವುದಿಲ್ಲ, ಹಾಗಾಗಿ ಅವನಂಥವರನ್ನು ಮಾತ್ರ ಬಿಡಿಸಿಕೊಂಡರು. ವಾಪಸು ಬಂದವನೇ ನಮ್ಮ ಜಗಲಿಯಲ್ಲಿ ಕೂತು ಅತ್ತ. ಸೆರೆಯಾಳುಗಳ ಅದಲುಬದಲಿನ ಬಸ್ಸು ಬಂದಾಗಲೆಲ್ಲ ಕುಳ್ಳ ಕುಂಟುತ್ತಾ ಶಿಬಿರದ ಗೇಟಿನ ಹತ್ತಿರ ಹೋಗಿ, "ನನ್ನ ಹೆಸರು ಕರೆದ್ರಾ?" ಅಂತ ಕೇಳುತ್ತಿದ್ದನಂತೆ. ಕಡೆಗೆ ಕಾವಲುಗಾರನೇ ಬೇಸರದಿಂದ ಹೇಳಿದನಂತೆ, "ನಿಮ್ಮೂರಲ್ಲಿ ನೀನು ಸತ್ತುಹೋಗಿದ್ದೀಯಪ್ಪಾ. ಸತ್ತವನನ್ನ ನಾನು ಯಾರಿಗೆ ಒಪ್ಪಿಸಲಿ?" ಆವತ್ತಿನಿಂದ ಅವನು ಕಾಲಿನ ಪಟ್ಟಿ ಬದಲಿಸಲು ಬಿಡಲಿಲ್ಲ. ಕೀವಾಯಿತು, ಜ್ವರ ಬಂತು, ಹೋಗಿಬಿಟ್ಟ. ಇಪ್ಪತ್ತೆರಡು ತುಂಬಿರಲಿಲ್ಲ. ಶತ್ರುಗಳು ಮದ್ದು ಕೊಡಲಿಲ್ಲ ಎಂದು ಬೈಯಲೂ ನನಗೆ ದಾರಿಯಿಲ್ಲ ತಂಗೀ. ಕೊಟ್ಟರಂತೆ. ಇವನೇ ಬೇಡವೆಂದ.

ಆ ಕ್ಷೌರಿಕ ಹೋದ ತಿಂಗಳು ತೀರಿಕೊಂಡ. ನಾನು ಇಲಾಖೆಗೆ ಹೋಗಿ ಕಲ್ಲಿನ ಮೇಲಿನ ಮಾತು ತಿದ್ದಿ ಅಂದೆ. ಮೊಮ್ಮಗನ ವಯಸ್ಸಿನ ಅಧಿಕಾರಿ ನಯವಾಗಿಯೇ ಕೇಳಿದ, "ರೇಡಿಯೋದಲ್ಲಿ ಕೇಳಿದೆ ಅಂತೀರಿ. ನಿಮ್ಮನ್ನ ಬಿಟ್ಟು ಬೇರೆ ಯಾರು ಕೇಳಿದ್ದಾರೆ ತಾತಾ?" ನಿನ್ನ ಹೆಸರು ಹೇಳಿದೆ. "ಅವರು ಹಾಗೇನೂ ಹೇಳಿಲ್ಲವಲ್ಲ" ಅಂದ. ನಿನ್ನನ್ನು ಬೈಯುತ್ತಿಲ್ಲ. ಹನ್ನೆರಡು ವರ್ಷದವಳ ಬಾಯನ್ನು ಅಪ್ಪ ಹೊಲಿದರು, ಮದುವೆಯ ಮೇಲೆ ಆ ಹೊಲಿಗೆ ಬಿಗಿಯಾಯಿತು. ಫೋನಿನಲ್ಲಿ ನೀನು, "ಅಣ್ಣಾ, ಅವನನ್ನ ನೆಮ್ಮದಿಯಾಗಿ ಇರೋಕೆ ಬಿಡು" ಅಂದೆ. ಗೇಟಿನ ಹತ್ತಿರ ನಿಂತವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಅವನು ಸತ್ತದ್ದನ್ನು ಹೇಗೋ ತಡೆದುಕೊಂಡೆ. ಅವನು ಸೆರೆಯಲ್ಲಿ ಕಾದದ್ದೇ ಸುಳ್ಳು ಅಂದರೆ ನನಗೆ ಹುಚ್ಚು ಹಿಡಿಯುತ್ತದೆ.

ಅತ್ತಿಗೆ ನಿನ್ನನ್ನು ಬಹಳ ಕೇಳಿದ್ದಾಳೆ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಯಜಮಾನರಿಗೂ ನಮಸ್ಕಾರ ತಿಳಿಸು, ಈ ಕಾಗದ ತೋರಿಸಿದ ಮೇಲೆ.

ನಿನ್ನ
ದೊಡ್ಡಣ್ಣ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಪೊಲೀಸಿನವನೊಬ್ಬ ಬಂದು ನನ್ನ ಆಹ್ವಾನ ವಾಪಸು ತೆಗೆದುಕೊಂಡು ಹೋದ. "ನಿಮ್ಮ ಆರೋಗ್ಯದ ದೃಷ್ಟಿಯಿಂದ" ಅಂತೆ. ಭಾನುವಾರ ನನ್ನನ್ನು ಉದ್ಯಾನದೊಳಗೆ ಬಿಡುವುದಿಲ್ಲ. ಹಾಗಾಗಿ ನೀನೇ ಕೇಳಬೇಕು. ಪರದೆ ಸರಿಸುವ ಮುಂಚೆ, ಅಲ್ಲಿಗೆ ಬರುವ ಈಗಿನ ಮಂತ್ರಿಯ ಕಡೆ ತಿರುಗಿ, ಸೇರಿದವರೆಲ್ಲರ ಎದುರು ಕೇಳು: ನನ್ನ ಅಣ್ಣ ಬದುಕಿದ್ದಾನೆಂದು ನಿಮ್ಮ ಇಲಾಖೆಗೆ ಗೊತ್ತಿತ್ತು. ಅವನನ್ನು ಸತ್ತವನೆಂದು ಬರೆಯಲು ಅಪ್ಪಣೆ ಕೊಟ್ಟವರು ಯಾರು? ಅವರ ಹೆಸರು ಹೇಳಿ, ಇಲ್ಲೇ, ಈಗಲೇ.