ವ್ಯಾನಪ್ರಸ್ಥ

ಹರಿಹರ, ಹೊಳೆದಂಡೆ
೧೪ ಏಪ್ರಿಲ್ ೧೯೬೧, ಶುಕ್ರವಾರ

ತವರಿನಲ್ಲಿ ಸುಖವಾಗಿ ಮುನಿಸಿಕೊಂಡಿರುವ ಸೌಭಾಗ್ಯವತಿ ನಿರ್ಮಲೆಗೆ,

ಮೊದಲು ತಪ್ಪೊಪ್ಪಿಗೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಈಗ ಊರೂರು ತಿರುಗಿ ಜನರ ಫೋಟೋ ಹಿಡಿಯುತ್ತಿರುವ ಕರಿಬಸವರಾಜನೆಂಬ ನಾನು, ಪೂರ್ಣ ಎಚ್ಚರದಲ್ಲಿ, ಯಾರ ಬಲವಂತವೂ ಇಲ್ಲದೆ, ಹೋದ ಸೋಮವಾರ ಭಾನುವಳ್ಳಿಯ ನಿಮ್ಮ ಅಡಿಗೆಮನೆಯ ಮಾಡಿಗೆ ತೂಗುಹಾಕಿದ್ದ ಹಗ್ಗದ ನೆಲುವೊಂದನ್ನು ಕದ್ದಿದ್ದೇನೆ. ಅದರಲ್ಲಿದ್ದ ಬೆಣ್ಣೆಯ ಗಡಿಗೆಯನ್ನು ಮುಟ್ಟಿಲ್ಲ. ಮರ್ಯಾದೆಯಿಂದ ನೆಲಕ್ಕಿಳಿಸಿ ಬಂದಿದ್ದೇನೆ. ಮುಂದಿನದು ಬೆಕ್ಕಿನ ಕೆಲಸ. “ಬೆಣ್ಣಿ ತಿಂದಿದ್ದಲ್ದೆ ಹಗ್ಗಾನೂ ನುಂಗೈತೆ, ಮೂಳ!” ಎಂದು ಅತ್ತೆ ಮೈಲಮ್ಮನವರು ಆ ಬಡಪ್ರಾಣಿಯನ್ನು ಅಟ್ಟಿಸಿಕೊಂಡು ಹೋದರಂತೆ. ನಮ್ಮ ಡ್ರೈವರ್ ರೌಫ್ ಕಂಡು ಬಂದು ಹೇಳಿದ. ಬೆಕ್ಕಿನ ಪರವಾಗಿ ನೀನೇ ಒಂದು ಮಾತು ಹೇಳು.

ನಾನಾದರೂ ಏನು ಮಾಡಲಿ? ಹೆಂಡತಿಯನ್ನು ಕರೆಯಲು ಬಂದವನು ಬರಿಗೈಯಲ್ಲಿ ಹೇಗೆ ಹೋಗಲಿ? ನೀನು ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಮಾವ ಪರಮೇಶ್ವರಪ್ಪನವರು ಎಲೆ ಮಡಚುತ್ತಾ, “ಅಳಿಯಂದ್ರೇ, ಬಿ.ಎ. ಓದೀರಿ ಅಂತ ಮಗಳ್ನ ಕೊಟ್ವಿ. ನೀವು ನೋಡಿದ್ರೆ ಎತ್ತಿಲ್ದ ಬಂಡಿ ಹೊಡ್ಕಂಡು ಅಲೀತೀರಿ. ಇದೇನು ಸಂಸಾರಾನೋ, ವಾನಪ್ರಸ್ಥಾನೋ?” ಎಂದರು. “ವ್ಯಾನಪ್ರಸ್ಥ, ಮಾವ” ಎಂದೆ. ಅವರು ನಗಲಿಲ್ಲ. ಆದರೆ ಕೋಣೆಯ ಬಾಗಿಲ ಹಿಂದೆ ಯಾರೋ ಕಿಸಕ್ಕೆಂದರು. ಆ ಒಂದು ಕಿಸಕ್ಕನ್ನು ನಂಬಿಕೊಂಡೇ ಈ ಕಾಗದ ಬರೆಯುತ್ತಿದ್ದೇನೆ.

ನಿನ್ನ ಸಿಟ್ಟು ನ್ಯಾಯವಾದದ್ದು. ದಾವಣಗೆರೆಯ ಪಿ.ಜೆ. ಬಡಾವಣೆಯ ಆ ಒಂದೇ ಕೋಣೆಯಲ್ಲಿ ನಿನ್ನ ಹಾಸಿಗೆಯ ಮೇಲೆ ಫೋಟೋದ ಹಿಂದೆ ಕಟ್ಟುವ ನನ್ನ ಪರದೆಗಳು ಮಲಗಿದವು, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿ ನನ್ನ ಔಷಧದ ಸೀಸೆಗಳು ಸಂಸಾರ ಹೂಡಿದವು. ಕೊನೆಗೆ ಫೋಟೋ ತೊಳೆಯುವ ಹೈಪೋ ಹರಳನ್ನು ನಾನು ಖಾಲಿ ಸಿಕ್ಕ ಡಬ್ಬಿಯಲ್ಲಿ ಸುರಿದಿಟ್ಟೆ, ನೀನು ಅದನ್ನು ಕಲ್ಲುಸಕ್ಕರೆ ಎಂದುಕೊಂಡು ಪೂಜೆ ಮುಗಿಸಿ ನಿಮ್ಮಪ್ಪನವರ ಅಂಗೈಗೇ ಹಾಕಿದೆ. ಅವರು ಬಾಯಿಗಿಟ್ಟು, ಉಗಿದು, ಶಿವಶಿವಾ ಎಂದ ರೀತಿ ಈಗಲೂ ಕಣ್ಣಮುಂದಿದೆ. ನಾನು ನಕ್ಕುಬಿಟ್ಟೆ. ನೀನು ಅಳಲಿಲ್ಲ, ಬೈಯಲಿಲ್ಲ. “ನಿಮ್ಮ ಸಾಮಾನು ನನ್ನ ಡಬ್ಬಿಯೊಳಗ ಬಂದು ಕುಂತೈತೆ. ಇನ್ನ ನಾನೆಲ್ಲಿ ಕುಂದ್ರಲಿ?” ಎಂದು ಕೇಳಿ ಸಂಜೆಯ ಬಸ್ಸು ಹತ್ತಿದೆ.

ಆ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ಕೊಡದೆ ಮರದಲ್ಲಿ ಕೊಟ್ಟಿದ್ದೇನೆ. ಬಡಾವಣೆಯ ಕೋಣೆ ಬಿಟ್ಟಾಯಿತು. ಮಿಲಿಟರಿಯವರು ಹರಾಜು ಹಾಕಿದ ಈ ಮುದಿ ವ್ಯಾನೇ ಇನ್ನು ನಮ್ಮ ಸ್ಟುಡಿಯೋ, ನಮ್ಮ ಮನೆ. ಡ್ರೈವರ್ ಸೀಟಿನ ಹಿಂದೆ ಹಲಗೆಯ ಅಡ್ಡಗೋಡೆ ಕಟ್ಟಿ, ಹಿಂದಿನ ಬಾಗಿಲನ್ನು ಮುಚ್ಚಿ ಅಲ್ಲಿ ಗೋಡೆಯುದ್ದ ಖಾನೆ ಹೊಡೆದಿದ್ದೇನೆ. ಬಡಗಿಯನ್ನು ಹತ್ತಿರ ಸೇರಿಸಲಿಲ್ಲ. ಒಂದೊಂದು ಮೊಳೆಯೂ ನನ್ನದು, ಜಜ್ಜಿದ ಹೆಬ್ಬೆರಳೂ ನನ್ನದೇ. ಕಾರ್ಖಾನೆ, ದವಾಖಾನೆ ಎಲ್ಲ ಇಲ್ಲೇ ಇವೆ. ಫೋಟೋದ ಗಾಜಿನ ಪ್ಲೇಟುಗಳು ಹತ್ತಿಯ ನಡುವೆ ಹಸುಗೂಸಿನಂತೆ ಮಲಗಿವೆ. ಜನ ಫೋಟೋಕ್ಕೆಂದು ಕಿವಿಗಿಟ್ಟುಕೊಳ್ಳುವ ತಂತಿಯಿಲ್ಲದ ಟೆಲಿಫೋನು ಟೋಪಿಯೊಳಗೆ, ಟೋಪಿ ಕೋಟಿನೊಳಗೆ. ನೆನಪಿದೆಯಷ್ಟೆ ಆ ಕರಿ ಕೋಟು? ಮಾಯಕೊಂಡದ ಅರ್ಧ ಊರು ಅದೇ ಕೋಟಿನಲ್ಲಿ ಫೋಟೋ ತೆಗೆಸಿಕೊಂಡಿದೆ. ಕೋಟೊಂದು, ಮುಖ ಕೋಟಿ! ಸೀಸೆಗಳೆಲ್ಲ ನಿಮ್ಮ ನೆಲುವಿನಲ್ಲಿ ತೂಗುತ್ತಿವೆ. ಎಂಥ ಗುಂಡಿ ಬಿದ್ದ ರಸ್ತೆಯಲ್ಲೂ ಒಂದು ತೊಟ್ಟು ಚೆಲ್ಲುವುದಿಲ್ಲ. ನನ್ನ ನಿಲುವು ಓಲಾಡಿದರೂ ನಿನ್ನ ತವರಿನ ನೆಲುವು ಕಾಪಾಡುತ್ತದೆ.

ಕಿಟಕಿಯ ಬದಿಯ ದೊಡ್ಡ ಖಾನೆ ಮಾತ್ರ ಖಾಲಿ. ಒಳಗೆ ಗಂಧದ ಸೋಪಿನ ಕಾಗದ ಹಾಸಿದ್ದೇನೆ. ಅದು ನಿನ್ನದು. ರೌಫ್ ಬೀಡಿಕಟ್ಟು ಇಡಲು ಹೋದಾಗ, “ಜನಾನಾ ಖಾನೆ, ಕೈ ತೆಗಿ” ಎಂದೆ. “ಅಲ್ರೀ ಸಾಹೇಬ್ರ, ಬೇಗಂ ಬರೋದು ಖಾತ್ರಿ ಐತೇನ್ರಿ?” ಎಂದ. ಬೀಡಿಕಟ್ಟನ್ನು ಅವನ ಜೇಬಿಗೇ ತುರುಕಿದೆ.

ನಿನ್ನೆಯಿಂದ ವ್ಯಾನು ಇಲ್ಲಿ ಹೊಂಗೆಯ ನೆರಳಲ್ಲಿದೆ. ಮಧ್ಯಾಹ್ನದ ಹೊತ್ತು ಹೊಳೆಯ ನೀರಿನ ಬೆಳಕು ಕಿಟಕಿಯಲ್ಲಿ ನುಗ್ಗಿ ಮಾಡಿನ ಮೇಲೆಲ್ಲ ಸಣ್ಣ ಸಣ್ಣ ಮೀನಾಗಿ ಈಜುತ್ತದೆ. ಪರದೆಯೊಂದನ್ನು ಒಣಗಲು ಬಿಚ್ಚಿ ಬಿಟ್ಟಿದ್ದೇನೆ: ಬೆಳ್ದಿಂಗಳು, ಕೊಳ, ಎರಡು ಹಂಸ, ಎಲ್ಲಿಗೂ ಹೋಗದ ಒಂದು ಮೆಟ್ಟಿಲು. ಗಾಳಿ ಬಂದಾಗ ಬಟ್ಟೆ ಅಲುಗಿ ಕೊಳದಲ್ಲಿ ನಿಜವಾದ ತೆರೆ ಏಳುತ್ತದೆ. ಅರೆಗಣ್ಣಿನಲ್ಲಿ ನೋಡುತ್ತಾ ಇದ್ದರೆ ನಿಂತ ವ್ಯಾನೇ ಹೊರಟಂತಾಗುತ್ತದೆ. ಕಾಲುವೆಯ ಏರಿ, ಎರಡೂ ಕಡೆ ಗದ್ದೆಯ ಹಸಿರು, ಕಿಟಕಿಯಲ್ಲಿ ಮೊಣಕೈ ಊರಿಕೊಂಡು ನೀನು. ನಿನ್ನ ಬಳೆಯ ಸದ್ದೋ, ನೆಲುವಿನ ಸೀಸೆಗಳ ಸದ್ದೋ ತಿಳಿಯುವುದಿಲ್ಲ. ಯಾವುದೋ ಊರಿನ ಹೆಂಗಸರು ಹೊಸ ಸೀರೆಯ ಮಡಿಕೆ ಬಿಚ್ಚದೆ ಬಂದು ಕ್ಯಾಮೆರಾದ ಮುಂದೆ ಬಿಗಿದು ನಿಲ್ಲುತ್ತಾರೆ. ನೀನು ಅವರ ಕಿವಿಯಲ್ಲಿ ಏನೋ ಹೇಳಿ ನಗಿಸುತ್ತೀಯೆ. ನಾನು ಆ ನಗುವನ್ನು ಹಿಡಿಯುತ್ತೇನೆ. ನನ್ನೊಬ್ಬನ ಮಾತಿಗೆ ಅವರು ನಗುವುದಿಲ್ಲ, ನಿರ್ಮಲಾ. ನನ್ನ ಫೋಟೋಗಳಲ್ಲೆಲ್ಲ ಜನ ಸಾಕ್ಷಿ ಹೇಳಲು ಬಂದವರಂತಿರುತ್ತಾರೆ.

ಕಡೆಗೆ ನನ್ನ ಕಿರೀಟದ ಮಣಿ. ಹಗಲು ಗೋಡೆಗೆ ಅಂಟಿಕೊಂಡಿರುವ ಆರಡಿ ಹಲಗೆ ರಾತ್ರಿ ಕೆಳಗಿಳಿದರೆ ಇಬ್ಬರು ಮಲಗುವ ಮಂಚ. ಒಂದು ಕೈಯಲ್ಲಿ ಇಳಿಸು, ಒಂದು ಕೈಯಲ್ಲಿ ಏರಿಸು. ನೀನು ಬಂದರೆ ನೆಂಟಳಂತೆ ಕುಳಿತಿರಬಹುದು. ನಿನ್ನನ್ನು ದುಡಿಸಲು ಕರೆಯುತ್ತಿದ್ದೇನೆಂದು ಮಾವನವರು ತಿಳಿಯುವುದು ಬೇಡ. ಈ ವ್ಯಾನಿನಲ್ಲಿ ಎಲ್ಲವನ್ನೂ ನಾನೊಬ್ಬನೇ ಸಂಭಾಳಿಸಬಲ್ಲೆ.

ಭಾನುವಾರ ಭಾನುವಳ್ಳಿಗೆ ಬರುತ್ತೇನೆ. ಕಾಲುವೆಯ ಸೇತುವೆಯ ಬಳಿ ಹಾರನ್ ಹೊಡೆಸುತ್ತೇನೆ, ಮನೆಯೊಳಗೆ ಕಾಲಿಡುವುದಿಲ್ಲ. ಜೂನಿನಿಂದ ನಿನ್ನನ್ನು ಅಲ್ಲಿಯ ಶಾಲೆಗೆ ಟೀಚರಾಗಿ ಸೇರಿಸಲು ಮಾವ ಓಡಾಡುತ್ತಿದ್ದಾರಂತೆ. ಅದೇ ನಿನಗೆ ಹಿತವಾದರೆ ವ್ಯಾನು ಮುಂದೆ ಹೋಗುತ್ತದೆ, ಮತ್ತೆ ಕೇಳುವುದಿಲ್ಲ. ಆದರೆ ಒಂದು ಮಾತು: ವಾನಪ್ರಸ್ಥಕ್ಕೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಲು ಶಾಸ್ತ್ರದ ಒಪ್ಪಿಗೆಯಿದೆ. ಸನ್ಯಾಸಕ್ಕಿಲ್ಲ. ನಾನು ಯಾವ ಆಶ್ರಮದವನೆಂಬುದನ್ನು ಸೇತುವೆಯ ಮೇಲೆ ನೀನೇ ತೀರ್ಮಾನಿಸು.

ಹಿರಿಯರಿಗೆ ಶರಣು, ಬೆಕ್ಕಿಗೆ ಕ್ಷಮಾಪಣೆ.

ನಿನ್ನ ಖಾನೆಗೆ ಯಾರನ್ನೂ ಬಿಡದೆ ಕಾದಿರುವ,
ಕರಿಬಸವರಾಜ

ತಾ.ಕ.: ಈ ಕಾಗದ ತರುವವಳು ನಿಮ್ಮೂರಿನಿಂದ ಹರಿಹರಕ್ಕೆ ಮೊಸರು ಮಾರಲು ಬರುವ ಕೆಂಚವ್ವ. ಕಿಟಕಿಯಲ್ಲಿ ಇಣುಕಿ, “ಯಾಕ ಅಳಿಯಪ್ಪಾ, ಬೋನಿನಾಗ ಬಿದ್ದಂಗೆ ಕುಂತೀರಲ್ಲ!” ಎಂದು ಹೊಳೆದಂಡೆಗೆಲ್ಲ ಕೇಳುವಂತೆ ನಕ್ಕಳು. ಅವಳು ಊರಿಗೆ ಸಾರುವ ಮೊದಲು ನಾನೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಆ ಮಂಚವನ್ನು ಮೊದಲ ಸಲ ಇಳಿಸಿ ನೋಡಿದೆ. ಚೆನ್ನಾಗಿ ಇಳಿಯಿತು. ಇಳಿದು, ಉಳಿದಿದ್ದ ಒಂದೇ ಬಾಗಿಲಿಗೆ ಅಡ್ಡ ಕೂತಿತು. ಆ ಬಾಗಿಲನ್ನು ಒಳಕ್ಕೆ ತೆರೆಯುವಂತೆ ಮಾಡಿದವನೂ ನಾನೇ. ಮಂಚ ಏಳಬೇಕಾದರೆ ಎರಡು ತುದಿಯ ಎರಡು ಚಿಲಕವನ್ನೂ ಒಟ್ಟಿಗೆ ಎಳೆಯಬೇಕು, ನನ್ನ ಕೈ ಅಷ್ಟು ಉದ್ದವಿಲ್ಲ. ರೌಫ್ ಟೈರು ತರಲು ದಾವಣಗೆರೆಗೆ ಹೋದವನು ಬರುವುದು ನಾಳೆ. ರೊಟ್ಟಿಯ ಗಂಟೂ ಅದೇ ಮಂಚದ ಕೆಳಗಿನ ಖಾನೆಯಲ್ಲಿ ಸಿಕ್ಕಿಕೊಂಡಿದೆ. ಒಂದು ಕೈ ಸಾಕೆಂದು ಮೇಲೆ ಬರೆದದ್ದನ್ನು ಹೊಡೆದುಹಾಕಲು ನಾಚಿಕೆಯಾಯಿತು, ಹಾಗೇ ಬಿಟ್ಟಿದ್ದೇನೆ. ನಿನ್ನ ಕೈ ಕಿಟಕಿಯ ಸರಳಿನ ನಡುವಿನಿಂದ ಆಚೆಯ ಚಿಲಕಕ್ಕೆ ಸಲೀಸಾಗಿ ಎಟುಕುತ್ತದೆ. ಕೆಂಚವ್ವನ ಕೈಯೂ ಎಟುಕುತ್ತಿತ್ತು, ಅವಳನ್ನು ಕೇಳಲು ಮನಸ್ಸಾಗಲಿಲ್ಲ. ಭಾನುವಾರದವರೆಗೆ ಯಾಕೆ ಕಾಯುತ್ತೀ? ಸಂಜೆಯ ಬಸ್ಸಿಗೇ ಬಾ.