ಸಾಲು ಕುರ್ಚಿಗಳ ಹದಿನೆಂಟು ದಿನ

ಭಾಗ್ಯನಗರ
೧೪ ನವೆಂಬರ್ ೨೦೨೫, ಶುಕ್ರವಾರ

ಸಿಟ್ಟಿನಲ್ಲಿರುವ ಗೆಳತಿ ಇಮಾಮಬಾನುಗೆ,

ಫೋನ್ ಎತ್ತಬಾರದು ಅಂತ ನೀನು ಆಣೆ ಮಾಡಿದಂಗ ಕಾಣ್ತದ, ಅದಕ್ಕೆ ಈ ಪತ್ರ. ನಾನು ಬಿ.ಎ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಹರಿಯುವುದಿದ್ದರೂ ಓದಿ ಹರಿ.

ನೀನು ನಮ್ಮ ಕೂದಲ ಕಾರ್ಖಾನೆ ಬಿಟ್ಟು ಹದಿನೆಂಟು ದಿನ. ಅವತ್ತು ಬೆಳಿಗ್ಗೆ ಹನ್ನೆರಡು ಮಂದಿಯೂ ಎಂದಿನಂತೆ ನೆಲದ ಮೇಲೆ, ಸಿಕ್ಕು ಬಿಡಿಸಲು ಕೂದಲ ಗುಡ್ಡೆಯ ಸುತ್ತ ದುಂಡಗೆ ಕೂಡಲು ಬಂದಿರಿ. ಸೂಪರ್‌ವೈಸರಮ್ಮ ನಾನು ಟೇಬಲ್ಲು ಕುರ್ಚಿ ಸಾಲಾಗಿ ಹಾಕಿಸಿ ನಿಂತಿದ್ದೆ. ಒಬ್ಬೊಬ್ಬರಿಗೆ ಒಂದು ಟ್ರೇ, ಟ್ರೇಗೊಂದು ನಂಬರು. ಕೊಪ್ಪಳದ ಎರಡು ದಿನದ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಕೆಲಸದ ಜಾಗದಲ್ಲಿ ಬದಲಾವಣೆ ತರಬೇಕಾದರೆ ಹಳೆಯದನ್ನು ಕರಗಿಸು, ಹೊಸದಕ್ಕೆ ಹೊರಳಿಸು, ಆಮೇಲೆ ಗಟ್ಟಿಗೊಳಿಸು. ಪ್ರಾಸ ಕೇಳಿಯೇ ನಾನು ಅರ್ಧ ಕರಗಿದ್ದೆ. ಗೋಡೆಗೆ ನಂದೂ ಒಂದು ಬರೆದೆ: ಸಾಲಿನಾಗ ಕೂಡೋಣ, ಸೋಲು ದೂರ ಮಾಡೋಣ. ಪ್ರಾಸ ಚಂದ ಕೂತಿತು. ನೀವ್ಯಾರೂ ಕೂಡಲಿಲ್ಲ.

ಪಕ್ಕೀರವ್ವನ ಮಂಡಿನೋವು ನೋಡಲಾರದೆ ಮಾಡಿದ್ದು, ಅದು ಸುಳ್ಳಲ್ಲ. ಆದರೆ ಮಂಡಿ ಇದ್ದವಳನ್ನೇ ಕೇಳಿರಲಿಲ್ಲ. ನೀನು ಒಂದೇ ಮಾತು ಕೇಳಿದಿ: ಸಾಲಾಗಿ ಕೂತರ ಗಂಟು ಯಾರ ಕೈಗಿ ಕೊಡೂದು? ನಾನು ಎಲ್ಲರ ಮುಂದೆ, ಕುರ್ಚಿ ಕೊಟ್ಟರೂ ನೆಲಾನ ಬೇಕೇನವ್ವ ನಿನಗ, ಅಂದೆ. ಹೊಸದಾಗಿ ಸೇರಿದ ಮೇಘಾ ನಕ್ಕಳು. ನೀನು ಚಪ್ಪಲಿ ಮೆಟ್ಟಿಕೊಂಡು ಹೋದಿ. ಉಳಿದವರು ಗೊಣಗುತ್ತಲೇ ಸಾಲಿನ ಕುರ್ಚಿಗಳಲ್ಲಿ ಕೂತರು.

ನಿನ್ನ ಪ್ರಶ್ನೆ ನನ್ನ ತಲೆಗೆ ಇಳಿಯಲು ಎರಡು ವಾರ ಹಿಡಿಯಿತು. ದುಂಡಗೆ ಕೂತಾಗ ಒಬ್ಬಳಿಂದ ಬಿಡಿಸಲಾಗದ ಸಿಕ್ಕು ಪಕ್ಕದವಳಿಗೆ, ಅವಳಿಂದ ಮುಂದಿನವಳಿಗೆ ಹೋಗಿ, ಯಾರ ಕೈಗೂ ಬಗ್ಗದ್ದು ಕಡೆಗೆ ನಿನ್ನ ತೊಡೆ ಮೇಲೆ ಬರುತ್ತಿತ್ತು. ನಾನದನ್ನು ಹರಟೆ ಅಂತ ತಿಳಿದಿದ್ದೆ. ಈಗ ಅವರವರ ಟ್ರೇ ಅವರವರಿಗೆ. ಬಿಡಿಸಲು ಬಾರದ ಸಿಕ್ಕಿಗೆ ಕತ್ತರಿ. ಹದಿನೆಂಟು ಇಂಚಿನ ಕೂದಲು ಎಂಟು ಇಂಚಾಗಿ ಬೀಳುತ್ತಿದೆ. ಕೊಂಡವರು ಮಾಲು ವಾಪಸ್ ಕಳಿಸಿದರು. ಮಾಲೀಕ ಪ್ರಭುರಾಜ ಅವರು, ಏನ್ರಿ ಶಿವಲೀಲಾ, ನಾವು ಕೂದಲ ಮಾರತೀವೋ ಕಸಬರಿಗಿ ಮಾರತೀವೋ ಅಂದರು.

ನಿನ್ನೆ ಮೊದಲ ಸಲ ಎಲ್ಲರನ್ನೂ ಕೇಳಿದೆ. ಪಕ್ಕೀರವ್ವ, ಕುರ್ಚಿ ಮಾತ್ರ ಕಸಗೋಬ್ಯಾಡ ಯವ್ವಾ, ಮಂಡಿಗಿ ಈಗರ ನಿದ್ದಿ ಬರಾಕತ್ತೈತಿ ಅಂದಳು. ಮುದಕಮ್ಮ, ಕುರ್ಚಿ ಇರಲಿ, ಸಾಲು ಹೋಗಲಿ ಅಂದಳು. ಕುರ್ಚಿ ದುಂಡಗೆ ಎಳೆದೆವು. ಆದರೆ ನಡುವೆ ಟೇಬಲ್ಲು ಹೆಂಗ ಜೋಡಿಸಿದರೂ ಕೈಯಿಂದ ಕೈಗೆ ದೂರ. ಬಾನು ಬಂದು ಹೇಳಬೇಕು ಅಂದರು. ಮೇಘಾನೂ ಅಂದಳು.

ನಾನು ತಪ್ಪು ಮಾಡಿದೆ. ಇದಕ್ಕೆ ಪ್ರಾಸ ಹುಡುಕಿಲ್ಲ. ಸೋಮವಾರ ಒಂಬತ್ತಕ್ಕೆ ಬಾ. ಬೈಯುವುದಿದ್ದರೆ ಎಂಟಕ್ಕೇ ಬಾ, ಗೇಟಿನ ಹತ್ತಿರ ಇರ್ತೀನಿ.

ಬೈಸಿಕೊಳ್ಳಲು ತಯಾರಿರುವ,
ಶಿವಲೀಲಾ

ತಾ.ಕ.: ಮಾಲು ವಾಪಸ್ ಬಂದ ದಿನ ಮಾಲೀಕರಿಗೆ, ಇಮಾಮಬಾನು ಹೆಂಗಸರ ತಲೆ ಕೆಡಿಸಿದ್ದಕ್ಕೆ ಹೀಗಾಯಿತು ಅಂತ ಬರೆದುಕೊಟ್ಟಿದ್ದೆ. ಇವತ್ತು ಅದನ್ನು ಇಸಗೊಂಡು ಹರಿದು, ತಪ್ಪು ನನ್ನದು ಅಂತ ಬರೆದುಕೊಟ್ಟೆ. ಸೂಪರ್‌ವೈಸರ್ ಕೆಲಸ ಹೋಯಿತು. ಸೋಮವಾರದಿಂದ ನಾನೂ ನಿಮ್ಮ ಜೋಡಿ ಕೂಡಬೇಕು. ಸಿಕ್ಕು ಬಿಡಿಸಾಕ ನನಗ ಬರೂದಿಲ್ಲ, ಬಾನು. ಕಲಿಸ್ತೀಯೇನು?