ಆ ಪುಟದ ಒಂದು ಪ್ರತಿ

ಖಾನಾಪುರ
೧೫ ನವೆಂಬರ್ ೨೦೨೫, ಶನಿವಾರ

ಸಮೃದ್ಧಿಯ ಅಪ್ಪನಿಗೆ,

ನಿಮ್ಮ ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ. ‘ಪ್ರೀತಿಯ’ ಎಂದು ಶುರು ಮಾಡೋಣವೆಂದರೆ ಪೆನ್ನು ಏಳಲಿಲ್ಲ. ಮಗಳು ಇದ್ದಾಗ ನಿಮ್ಮನ್ನು ಹೇಗೆ ಕರೆಯುತ್ತಿದ್ದೆನೋ ಹಾಗೆಯೇ ಕರೆದಿದ್ದೇನೆ. ಅವಳು ಹೋದ ಮೇಲೆ ನಿಮ್ಮನ್ನು ಏನೆಂದು ಕರೆಯಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಮೊನ್ನೆ ನಿಮ್ಮ ತಮ್ಮ ಚೇತನ ಇಲ್ಲಿ ನನ್ನ ತವರಿಗೆ ಬಂದಿದ್ದ. ಚಹಾ ಕುಡಿದ, ಅವ್ವನ ಮೊಣಕಾಲು ನೋವು ವಿಚಾರಿಸಿದ, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನೆಲ ನೋಡಿಕೊಂಡು, “ವೈನಿ, ಮುಂದಿನ ತಿಂಗಳ ಸಮೃದ್ಧಿದು ವರ್ಷದ ಪುಣ್ಯಸ್ಮರಣಿ ಐತಿ. ಮನಿಗೆ ಬರ್ತಾಳೋ ಇಲ್ಲೋ ಕೇಳ್ಕೊಂಡ ಬಾ ಅಂತ ಅಣ್ಣ ಹೇಳ್ಯಾನ” ಎಂದ. ಅದನ್ನು ಕೇಳಲು ಅವನನ್ನೇಕೆ ಕಳಿಸಿದಿರಿ? ಬೆಳಗಾವಿಯಿಂದ ಇಲ್ಲಿಗೆ ಬರುವ ಬಸ್ಸು ನಿಮಗೂ ಸಿಗುತ್ತದಲ್ಲ. ಬರುತ್ತೇನೋ ಇಲ್ಲವೋ ಎಂಬುದನ್ನು ಈ ಪತ್ರದಲ್ಲಿಯೇ ಹೇಳುತ್ತೇನೆ, ಆದರೆ ಅದಕ್ಕೂ ಮುಂಚೆ ಬೇರೆ ಮಾತು ಮುಗಿಯಬೇಕು. ಕಡೆಯ ಸಾಲಿಗೆ ಹಾರಬೇಡಿ. ನಿಮಗೆ ಆ ಚಟವಿದೆ.

ನಿಮ್ಮ ವಿಶ್ವಕೋಶದ ಮಾತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎನ್ನುವ ಆ ಅಂತರ್ಜಾಲದ ವಿಶ್ವಕೋಶವನ್ನು ನಾನು ‘ನನ್ನ ಸವತಿ’ ಎಂದು ನಗೆಯಾಡುತ್ತಿದ್ದೆ. ಆಟೋ ನಗರದಲ್ಲಿ ನಿಮ್ಮ ಲೇತ್ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ರವಿವಾರ ಬಂತೆಂದರೆ ಹೊಸಬರನ್ನು ಕೂಡಿಸಿಕೊಂಡು ಬರೆಯಲು ಕಲಿಸುತ್ತಿದ್ದಿರಿ. ರಿಟೈರಾದ ಮಾಸ್ತರರು, ಕಾಲೇಜಿನ ಹುಡುಗಿಯರು, ಒಬ್ಬ ಬೆಲ್ಲದ ವ್ಯಾಪಾರಿ. ಅವರಿಗೆಲ್ಲ ಒಗ್ಗರಣೆ ಅವಲಕ್ಕಿ ಮಾಡಿ ಕಳಿಸುವುದು ನನ್ನ ಪಾಲಿನ ಸೇವೆ. ಒಂದು ಸಲ ಡಬ್ಬಿ ಕೊಡಲು ಬಂದು ಬಾಗಿಲಲ್ಲಿ ನಿಂತು ನೋಡಿದ್ದೆ. ಬೆಲ್ಲದ ವ್ಯಾಪಾರಿ ಏನೋ ಒತ್ತಿ ಅರ್ಧ ಪುಟ ಮಾಯ ಮಾಡಿ ಗಾಬರಿಯಾಗಿದ್ದರು. ನೀವು ಅವರ ಕೀಲಿಮಣೆ ಮುಟ್ಟಲಿಲ್ಲ. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ನಿಂತು, “ಅಂಜಬ್ಯಾಡ್ರಿ, ಇಲ್ಲಿ ಏನೂ ಕಳಿಯೂದಿಲ್ಲ. ಹಿಂದಿಂದೆಲ್ಲಾ ಇತಿಹಾಸದಾಗ ಇರ್ತೈತಿ. ನೀವ ಹುಡುಕ್ರಿ” ಎಂದಿರಿ. ಕಲಿಯುವವರ ಕೈಯಿಂದ ಕೆಲಸ ಕಸಿಯಬಾರದು ಎಂಬುದು ನಿಮ್ಮ ನೇಮ. ಆ ಹೊತ್ತಿಗೆ ನನಗೆ ನಿಮ್ಮ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಡಬ್ಬಿಯನ್ನು ಅಲ್ಲೇ ಮರೆತು ಮನೆಗೆ ಹೋದೆ.

ಸಮೃದ್ಧಿ ನಿಮ್ಮ ಎಲ್ಲರಿಗಿಂತ ಮೊದಲ ಶಿಷ್ಯೆ. ಲೋಂಡಾ ಊರಿನ ಬಗ್ಗೆ, ಕಾಡಿನ ಹಳ್ಳಗಳ ಬಗ್ಗೆ, ಅವಳಿಗೆ ಸೇರದ ಹಾಗಲಕಾಯಿಯ ಬಗ್ಗೆ ಸಹ ಬರೆದಳು. ಅವಳು ಒಂದು ಸಾಲು ಸೇರಿಸಿದರೆ ಸಾಕು, ನೀವು ಅದರ ಮುಂದಿನ ‘ಧನ್ಯವಾದ’ ಎಂಬ ಗುಂಡಿಯನ್ನು ಒತ್ತುತ್ತಿದ್ದಿರಿ. ಊಟದ ಮೇಜಿನ ಆ ಬದಿಗೆ ಅವಳು, ಈ ಬದಿಗೆ ನೀವು. ಅವಳ ಲ್ಯಾಪ್‌ಟಾಪಿನಲ್ಲಿ ಸುದ್ದಿ ಬಂದದ್ದನ್ನು ತೋರಿಸುವ ಗಂಟೆಯ ಚಿತ್ರ ಕೆಂಪಗಾದ ಕೂಡಲೇ, “ಬಂತ್ ಬಂತ್ ಅಪ್ಪಾ!” ಎಂದು ಕೂಗುತ್ತಿದ್ದಳು. ಎದುರಿಗೇ ಕೂತವರು ಬಾಯಿಬಿಟ್ಟು ಹೇಳಬಾರದೇ ಎಂದು ನಾನು ಬೈಯುತ್ತಿದ್ದೆ. ರೊಟ್ಟಿ ಆರಿ ಹೋಗುತ್ತಿತ್ತು.

ಆಮೇಲೆ ಆ ಜ್ವರ ಬಂತು. ಅದರ ಬಗ್ಗೆ ಬರೆಯಲಾರೆ. ನಿಮಗೆ ಗೊತ್ತಿರುವುದೇ ನನಗೂ ಗೊತ್ತು.

ಅವಳು ಹೋಗಿ ತಿಂಗಳಾಗಿತ್ತು. ಬಂದವರೆಲ್ಲ ಬಂದು ಹೋಗಿದ್ದರು. ನೀವು ಮತ್ತೆ ರವಿವಾರದ ಕೋಣೆಗೆ ಹೋಗಲು ಶುರು ಮಾಡಿದಿರಿ. ನಾನು ಒಬ್ಬಳೇ ಮನೆಯಲ್ಲಿ ಅವಳ ಲ್ಯಾಪ್‌ಟಾಪ್ ತೆರೆದೆ. ವಿಶ್ವಕೋಶ ಅದರಲ್ಲಿ ತೆರೆದೇ ಇತ್ತು. ಜಗತ್ತಿನ ಹಾಗಲಕಾಯಿಗೆಲ್ಲ ಒಂದು ಪುಟವಿದೆ, ನನ್ನ ಮಗಳಿಗೆ ಇಲ್ಲವೇ ಎನಿಸಿತು. ಕೂತಲ್ಲಿಂದ ಏಳದೆ ಬರೆದೆ. ಹುಟ್ಟಿದಾಗ ಅವಳ ಕಿವಿಯ ಮೇಲಿದ್ದ ಮಚ್ಚೆ, ನಿದ್ದೆಯಲ್ಲಿ ಆಡುತ್ತಿದ್ದ ಮಾತು, ಮೊಸರನ್ನಕ್ಕೆ ಶೇಂಗಾ ಚಟ್ನಿ ಕಲಸುವಾಗಿನ ಅವಳ ಹಟ. ನನಗೆ ಹಾಗೆ ಬರೆಯಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಬರೆದು ‘ಪ್ರಕಟಿಸಿ’ ಎಂಬುದನ್ನು ಒತ್ತಿ, ಮುಖ ತೊಳೆದು, ದೀಪ ಹಚ್ಚಿ ಬಂದು ನೋಡಿದರೆ ಪುಟ ಇಲ್ಲ. ಆ ಜಾಗದಲ್ಲಿ ಒಂದು ಸಾಲು. ‘ಉಲ್ಲೇಖಗಳಿಲ್ಲ. ವಿಶ್ವಕೋಶಕ್ಕೆ ತಕ್ಕ ವಿಷಯವಲ್ಲ.’ ಅಳಿಸಿದವರ ಹೆಸರು ಶಶಿಧರ, ನಿರ್ವಾಹಕರು. ನೀವೇ.

ನೀವು ಮನೆಗೆ ಬಂದಾಗ ನಾನು ಕೇಳಿದೆ. ನೀವು ನನ್ನ ಮುಖವನ್ನೂ ನೋಡಲಿಲ್ಲ. “ಅದು ಅಲ್ಲಿ ಕೂಡೂದಿಲ್ಲ ನೇತ್ರಾ. ಪುಸ್ತಕದ್ದೋ ಪೇಪರಿಂದೋ ಉಲ್ಲೇಖ ಬೇಕಾಗ್ತದ” ಎಂದಿರಿ. “ಹಡದಾಕಿ ನಾನ ಕುಂತೀನಿ, ಇನ್ನ ಯಾವ ಉಲ್ಲೇಖ ಬೇಕ್ರಿ ನಿಮಗ?” ಎಂದೆ. ನೀವು ಕೈ ತೊಳೆಯಲು ಬಚ್ಚಲಿಗೆ ಹೋದವರು ಹೊರಗೆ ಬರಲೇ ಇಲ್ಲ. ನೀರಿನ ಸದ್ದು ಬರುತ್ತಲೇ ಇತ್ತು. ಬೆಳಿಗ್ಗೆ ಎದ್ದು ನಾನು ಅವಳ ಲ್ಯಾಪ್‌ಟಾಪನ್ನು ಅವಳದೇ ಓಢಣಿಯಲ್ಲಿ ಸುತ್ತಿಕೊಂಡು ಈ ಊರಿಗೆ ಬಂದೆ. ಅದು ಅವ್ವನ ಟ್ರಂಕಿನಲ್ಲಿದೆ. ಅಂದಿನಿಂದ ತೆಗೆದಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ, ಕೂತು ಓದಿ. ಬೇಸಿಗೆಯಲ್ಲಿ ನಿಮ್ಮ ವಿಶ್ವಕೋಶಕ್ಕೆ ‘ಮಲಪ್ರಭಾ ದಂಡೆ’ ಎಂಬ ಹೆಸರಿನಲ್ಲಿ ಒಬ್ಬ ಹೊಸಬರು ಬಂದರಲ್ಲ, ಖಾನಾಪುರದ ಮಣ್ಣಿನ ಗಡಿಗೆಯ ಬಗ್ಗೆ ಬರೆದವರು, ನೀವು ದಿನವೂ ಕೈಹಿಡಿದು ನಡೆಸಿದಿರಲ್ಲ, ಅದು ನಾನು. ಮೊಬೈಲಿನಲ್ಲಿ ಬರೆಯುತ್ತಿದ್ದೆ. ಬಂದದ್ದು ಒಳ್ಳೆಯ ಬುದ್ಧಿಯಿಂದಲ್ಲ. ಮಗಳನ್ನು ಅಳಿಸಿದ ಮನುಷ್ಯ ಬೇರೆಯವರಿಗೆ ಎಷ್ಟು ನಯವಾಗಿ ಮಾತಾಡುತ್ತಾನೆ, ನೋಡಿಯೇಬಿಡೋಣ ಎಂದು ಬಂದೆ. ನಿಮ್ಮನ್ನು ಕೆಣಕಿ, ಸಿಟ್ಟಿಗೆಬ್ಬಿಸಿ, ಎಲ್ಲರೆದುರು ನಿಮ್ಮ ಬಣ್ಣ ಬಯಲು ಮಾಡಬೇಕು ಎಂದಿತ್ತು.

ನೀವು ಸಿಟ್ಟಿಗೇಳಲೇ ಇಲ್ಲ. ನಮ್ಮ ಓಣಿಯ ಕುಂಬಾರರ ಬಾಳವ್ವನನ್ನು ಕೇಳಿಕೊಂಡು, ‘ಖಾನಾಪುರದ ಗಡಿಗೆಯ ನೀರಿನಷ್ಟು ತಂಪು ನೀರು ಜಗತ್ತಿನಲ್ಲಿಯೇ ಇಲ್ಲ’ ಎಂದು ಬರೆದಿದ್ದೆ. ಬರೆಯುವವರೊಡನೆ ಮಾತಾಡಲೆಂದು ಇರುವ ನನ್ನ ಚರ್ಚಾಪುಟದಲ್ಲಿ ನೀವು, ‘ನೀರು ಕುಡಿಯಬೇಕೆನಿಸಿತು. ಆದರೆ ಜಗತ್ತಿನ ಗಡಿಗೆಗಳನ್ನೆಲ್ಲ ಯಾರಾದರೂ ಮುಟ್ಟಿ ನೋಡಿದ್ದಾರೆಯೇ? ನಿಮ್ಮೂರಿನ ಗ್ರಂಥಾಲಯದಲ್ಲಿ ಕುಂಬಾರಿಕೆಯ ಬಗ್ಗೆ ಪುಸ್ತಕ ಸಿಕ್ಕರೆ ನೋಡಿ. ಸಾಲನ್ನು ನಾನು ತೆಗೆಯುವುದಿಲ್ಲ, ನೀವೇ ತಿದ್ದಿ’ ಎಂದು ಬರೆದಿರಿ. ನಾನು ಬೇಕೆಂದೇ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಿದೆ. ನೀವು ಅಷ್ಟೇ ಸಮಾಧಾನದಿಂದ ಮತ್ತೆ ಮತ್ತೆ ಹೇಳಿದಿರಿ. ಮದುವೆಯಾದಾಗಿನಿಂದ ನನಗೆ ಗ್ಯಾಸ್ ಸಿಲಿಂಡರ್ ಬದಲಿಸುವುದನ್ನು ಸಹ ನೀವು ಇಷ್ಟು ಸಾವಧಾನವಾಗಿ ಹೇಳಿಕೊಟ್ಟಿರಲಿಲ್ಲ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಹುಡುಕಿ ಮೊದಲ ಉಲ್ಲೇಖ ಹಾಕಿದ ದಿನ ನಿಮ್ಮಿಂದ ‘ಧನ್ಯವಾದ’ ಬಂತು. ನನ್ನ ಮೊಬೈಲಿನಲ್ಲೂ ಗಂಟೆ ಕೆಂಪಗಾಯಿತು. ಅವ್ವ, “ಯಾಕ ಅಳಾಕತ್ತೀ?” ಎಂದಳು. ಈರುಳ್ಳಿ ಹೆಚ್ಚುತ್ತಿರಲಿಲ್ಲ, ಹಾಗಾಗಿ ನೆವ ಹೇಳಲು ಏನೂ ಸಿಗಲಿಲ್ಲ.

ಹಾಗೆ ಬರೆಯುತ್ತಾ ಬರೆಯುತ್ತಾ ಸಿಟ್ಟು ಸಣ್ಣದಾಯಿತು, ಆದರೆ ಹೋಗಲಿಲ್ಲ. ಕಳೆದ ತಿಂಗಳು ತಡೆಯಲಾರದೆ ಅದೇ ಚರ್ಚಾಪುಟದಲ್ಲಿ ನೇರವಾಗಿ ಕೇಳಿಬಿಟ್ಟೆ. ‘ಸರ್, ನೀವು ಅಳಿಸಿದ ಯಾವ ಪುಟಕ್ಕಾದರೂ ನಿಮಗೆ ಎಂದಾದರೂ ಸಂಕಟವಾಗಿದೆಯೇ?’ ಎರಡು ಮೂರು ದಿನದ ಮೇಲೆ ನಿಮ್ಮ ಉತ್ತರ ಬಂತು. ಬಂದ ಸ್ವಲ್ಪ ಹೊತ್ತಿಗೆ ನೀವೇ ಅದನ್ನು ತೆಗೆದುಹಾಕಿದಿರಿ. ಆದರೆ ಹಿಂದಿನದೆಲ್ಲ ಇತಿಹಾಸದಲ್ಲಿರುತ್ತದೆ, ಹುಡುಕುವುದು ಹೇಗೆಂದು ನೀವೇ ನನಗೆ ಕಲಿಸಿದ್ದಿರಿ. ಹುಡುಕಿ ಓದಿದೆ. ನೀವು ಬರೆದದ್ದನ್ನು ನಿಮಗೇ ಬರೆದು ತೋರಿಸುತ್ತಿದ್ದೇನೆ.

‘ಒಂದು ಪುಟಕ್ಕೆ ಆಗಿದೆ. ಹೊಸಬರಿಗೆ ಕಲಿಸುತ್ತಾ ಕೂತಿದ್ದೆ. ಇತ್ತೀಚಿನ ಬದಲಾವಣೆಗಳ ಪಟ್ಟಿಯಲ್ಲಿ ನನ್ನ ಮಗಳ ಹೆಸರು ಬಂತು, ಈಗಷ್ಟೇ ಬರೆದಿದ್ದಾಳೆ ಎಂದು. ಅವಳು ತೀರಿಕೊಂಡು ತಿಂಗಳಾಗಿತ್ತು. ಒಂದು ಗಳಿಗೆ ನಾನು ನಂಬಿದೆ. ಎಲ್ಲೋ ಕೂತು ಬರೆಯುತ್ತಿದ್ದಾಳೆ, ನಾವೇ ಏನೋ ತಪ್ಪು ತಿಳಿದಿದ್ದೇವೆ ಎಂದುಕೊಂಡು ಎದ್ದು ನಿಂತೆ. ಕೂತವರು ಏನಾಯಿತೆಂದು ಕೇಳಿದರು. ಪುಟ ಓದಿದ ಮೇಲೆ ಅದು ನನ್ನ ಹೆಂಡತಿಯ ಮಾತು ಎಂದು ತಿಳಿಯಿತು. ಆ ಹೆಸರು ಅಲ್ಲಿ ಹೊಸದಾಗಿ ಕಾಣುವುದನ್ನು ತಾಳಲಾಗದೆ ಅಳಿಸಿದೆ. ಕಾರಣ ಬರೆಯದೆ ಅದು ಅಳಿಯುವುದಿಲ್ಲ. ದಿನವೂ ಬರೆಯುವ ಕಾರಣವನ್ನೇ ಕೈ ಬರೆಯಿತು. ಅದನ್ನು ಅವಳು ಓದಿದಳು. ನಿಜ ಹೇಳಿದರೆ ಅವಳಿಗೂ ಆ ಒಂದು ಗಳಿಗೆಯ ಆಸೆ ಹುಟ್ಟಿ ಸಾಯುತ್ತದೆ ಎಂದು ಹೇಳಲಿಲ್ಲ. ಹೊಸಬರಿಗೆ ಇಂಥದ್ದೆಲ್ಲ ಹೇಳಬಾರದು. ಕ್ಷಮಿಸಿ.’

ಅವಳ ಲ್ಯಾಪ್‌ಟಾಪಿನಲ್ಲಿ ಬರೆದರೆ ಅದು ಅವಳ ಹೆಸರಿನಲ್ಲಿ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಯಾರ ಪೆನ್ನಿನಿಂದ ಬರೆದರೂ ಅಕ್ಷರ ನನ್ನದೇ ಅಲ್ಲವೇ ಎಂದುಕೊಂಡಿದ್ದೆ. ಆ ಗಳಿಗೆಯನ್ನು ನಿಮಗೆ ತಂದಿಟ್ಟವಳು ನಾನೇ. ಆದರೆ ಇದೂ ಕೇಳಿ. ಯಾರೋ ಗೊತ್ತಿಲ್ಲದ ಮಲಪ್ರಭಾ ದಂಡೆಗೆ ಹೇಳಿದ ಮಾತನ್ನು, ಗೋಡೆಯ ಆಚೆ ನೀರಿನ ಸದ್ದು ಕೇಳುತ್ತಾ ನಿಂತಿದ್ದ ನನಗೆ ಹೇಳಿದ್ದರೆ ಆಗುತ್ತಿತ್ತು. ಬರೆದವಳು ನಾನೇ ಆದರೂ ಆ ಗಳಿಗೆಯನ್ನು ನಾನೂ ನಂಬುತ್ತಿದ್ದೆ. ಇಬ್ಬರೂ ಕೂಡಿ ಅಳುತ್ತಿದ್ದೆವು. ನನ್ನ ಪಾಲಿನ ಅಳುವನ್ನು ತಪ್ಪಿಸಲು ಹೋಗಿ ನೀವು ನನ್ನನ್ನು ಒಂಟಿ ಮಾಡಿದಿರಿ, ನೀವೂ ಒಂಟಿಯಾದಿರಿ.

ಈಗ ಚೇತನನ ಪ್ರಶ್ನೆ. ರಾಮತೀರ್ಥ ನಗರದ ನಮ್ಮ ಮನೆಗೆ ನಾನು ಬರಲಾರೆ. ಬಾಗಿಲು ತೆಗೆದರೆ ಮೊದಲು ಕಾಣುವುದು ಆ ಮೇಜು. ಮುಂದೆ ಎಂದಾದರೂ ಬಂದೇನೋ ಏನೋ, ಮಾತು ಕೊಡುವುದಿಲ್ಲ. ಪುಣ್ಯಸ್ಮರಣೆಯ ದಿನ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ನೇರ ಅವಳ ಸಮಾಧಿಗೆ ಬರುತ್ತೇನೆ. ನೀವೂ ಬನ್ನಿ. ಅಲ್ಲಿಂದ ಮನೆಗೆ ಕರೆಯಬೇಡಿ.

ಬರುವಾಗ ಒಂದು ಕೆಲಸ ಮಾಡಿ. ಅಳಿಸಿದ ಪುಟ ನಮ್ಮಂಥವರಿಗೆ ಕಾಣುವುದಿಲ್ಲ, ನಿರ್ವಾಹಕರಿಗೆ ಮಾತ್ರ ಕಾಣುತ್ತದಂತೆ. ನಾನು ಅದರ ನಕಲು ಇಟ್ಟುಕೊಂಡಿಲ್ಲ. ಅಲ್ಲಿ ಏನೇನು ಬರೆದಿದ್ದೆನೋ ಅದರಲ್ಲಿ ಅರ್ಧ ಈಗ ನೆನಪಿಲ್ಲ. ನಿದ್ದೆಯಲ್ಲಿ ಏನೋ ಒಂದು ಮಾತು ಆಡುತ್ತಿದ್ದಳಲ್ಲ, ಅದು ಯಾವುದು? ಎಷ್ಟು ಯೋಚಿಸಿದರೂ ಬರುತ್ತಿಲ್ಲ. ಬರೆದಿದ್ದೇನೆ ಎಂಬುದಷ್ಟೇ ಗೊತ್ತು. ತಾಯಿಯಾಗಿ ಮರೆಯುತ್ತಿದ್ದೇನಲ್ಲ ಎಂದು ಹೆದರಿಕೆಯಾಗುತ್ತದೆ. ಆ ಪುಟವನ್ನು ನೀವು ವಿಶ್ವಕೋಶಕ್ಕೆ ಮರಳಿ ಹಾಕಬೇಡಿ. ಅದು ಅಲ್ಲಿ ಕೂಡುವುದಿಲ್ಲ ಎಂದು ಈಗ ನನಗೂ ಗೊತ್ತು, ನೀವೇ ಕಲಿಸಿದ್ದೀರಿ. ನಿಮ್ಮ ಕೈಯಿಂದ ಹಾಳೆಯ ಮೇಲೆ ಬರೆದು ಒಂದು ಪ್ರತಿ ತನ್ನಿ. ಒಂದಕ್ಷರವನ್ನೂ ತಿದ್ದಬೇಡಿ.

ವೇಳೆಗೆ ಸರಿಯಾಗಿ ಉಣ್ಣಿರಿ. ವರ್ಕ್‌ಶಾಪಿನಲ್ಲಿ ಚಹಾದ ಮೇಲೆಯೇ ದಿನ ತಳ್ಳುತ್ತೀರಿ ಎಂದು ಚೇತನ ಹೇಳಿದ.

ಇಂತಿ,
ಸಮೃದ್ಧಿಯ ಅವ್ವ,
ನೇತ್ರಾ

ತಾ.ಕ.: ಪತ್ರ ಮುಗಿಸಿ, ಧೈರ್ಯ ಮಾಡಿ ಟ್ರಂಕಿನಿಂದ ಅವಳ ಲ್ಯಾಪ್‌ಟಾಪ್ ತೆಗೆದೆ. ಚಾರ್ಜಿಗೆ ಹಾಕಿದ ಮೇಲೆ ಅವಳ ಹೆಸರಿನ ವಿಶ್ವಕೋಶ ಹಾಗೆಯೇ ತೆರೆದುಕೊಂಡಿತು. ಗಂಟೆ ಕೆಂಪಗಿದೆ. ಅದರ ಮೇಲೆ ಒಂದು ಸಾಲು ತಾನಾಗಿ ಕಂಡಿತು. ‘ನಿಮ್ಮ ಹೊಸ ಪುಟಕ್ಕಾಗಿ ಶಶಿಧರ ಅವರು ಧನ್ಯವಾದ ತಿಳಿಸಿದ್ದಾರೆ.’ ಆ ಸಂಜೆಯದೇ. ನೀವು ಎದ್ದು ನಿಂತ ಆ ಗಳಿಗೆಯಲ್ಲಿ, ಓದುವುದಕ್ಕೂ ಅಳಿಸುವುದಕ್ಕೂ ಮುಂಚೆ ಒತ್ತಿದ್ದೀರಿ. ಇದನ್ನು ನೀವು ಮಲಪ್ರಭಾ ದಂಡೆಗೂ ಹೇಳಿರಲಿಲ್ಲ. ನಾನು ಅದನ್ನು ಮುಟ್ಟಿಲ್ಲ, ಅದು ಅವಳಿಗೆ ಬಂದದ್ದು. ‘ಬಂತ್ ಬಂತ್ ಅಪ್ಪಾ’ ಎಂದು ಒಮ್ಮೆ ನಾನೇ ಸಣ್ಣ ದನಿಯಲ್ಲಿ ಅಂದೆ, ನಿಮಗೆ ಕೇಳಿಸಲಿಲ್ಲ.